‘ಏಳುತ್ತಿದ್ದೆ’ ಎಂಬ ಒಂದು ಮಾತು: ಸ್ಪ್ಯಾನಿಷ್‌ನಲ್ಲಿ ಎರಡು ದಾರಿ

‘ಬಾಲ್ಯದಲ್ಲಿ ನಾನು ದಿನವೂ ಐದು ಗಂಟೆಗೆ ಏಳುತ್ತಿದ್ದೆ’ ಎಂಬುದು ಒಂದು ವಾಕ್ಯ. ‘ಅಲಾರಂ ಬಾರಿಸಿದ್ದರೆ ನಾನು ಐದು ಗಂಟೆಗೆ ಏಳುತ್ತಿದ್ದೆ’ ಎಂಬುದು ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಕ್ರಿಯಾಪದ ಒಂದೇ. ಮೊದಲನೆಯದು ನಡೆದ ಸಂಗತಿ, ಎರಡನೆಯದು ನಡೆಯದೇ ಹೋದ ಸಂಗತಿ. ‘ಅಲಾರಂ ಬಾರಿಸಿದ್ದರೆ’ ಎಂಬ ಷರತ್ತು ಮುಂದೆ ಇರುವುದರಿಂದಲೇ ಕೇಳುವವರಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಸ್ಪ್ಯಾನಿಷ್ ಭಾಷೆ ಇಷ್ಟಕ್ಕೆ ತೃಪ್ತವಾಗುವುದಿಲ್ಲ. ಅಲ್ಲಿ ಮೊದಲ ವಾಕ್ಯಕ್ಕೆ ‘ಮೆ ಲೆವಂತಾಬ’ ಎನ್ನಬೇಕು, ಎರಡನೆಯದಕ್ಕೆ ‘ಮೆ ಲೆವಂತರೀಯ’ ಎನ್ನಬೇಕು. ಒಂದರ ಬದಲು ಇನ್ನೊಂದು ಬಂದರೆ ನಡೆದದ್ದು ನಡೆಯದ್ದಾಗುತ್ತದೆ, ನಡೆಯದ್ದು ನಡೆದದ್ದಾಗುತ್ತದೆ.

ಸ್ಪ್ಯಾನಿಷ್ ಕಲಿಯುವವರಿಗೆ ತೊಡಕೆನಿಸುವ ಎರಡು ಸಂಗತಿಗಳು ಈ ‘ಮೆ ಲೆವಂತರೀಯ’ ಎಂಬ ಎರಡೇ ಪದಗಳಲ್ಲಿ ಒಟ್ಟಿಗೆ ಸೇರಿವೆ. ಒಂದು, ಕ್ರಿಯೆಯು ಮಾಡಿದವರಿಗೇ ಮರಳುವುದನ್ನು ಸೂಚಿಸುವ ಆತ್ಮಾರ್ಥಕ ಕ್ರಿಯಾಪದ. ಎರಡು, ಷರತ್ತು, ಊಹೆ ಹಾಗೂ ವಿನಯಗಳನ್ನು ಸೂಚಿಸುವ ಸಂಭಾವನಾರ್ಥಕ ರೂಪ. ಇಪ್ಪತ್ತು ರಾಷ್ಟ್ರಗಳಲ್ಲಿ ಆಡಳಿತ ಭಾಷೆಯಾಗಿರುವ ಸ್ಪ್ಯಾನಿಷ್‌ನ ದಿನನಿತ್ಯದ ಮಾತುಕತೆಯಲ್ಲಿ ಇವೆರಡೂ ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಳ. ಕನ್ನಡ ಬಲ್ಲವರಿಗಂತೂ ಕೆಲವು ಅನುಕೂಲಗಳು ಮೊದಲೇ ದೊರೆತಿವೆ.

ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಓದುವ ಮೊದಲು ಎರಡು ಮಾತು. ಇಲ್ಲಿ ‘ವ’ ಎಂದು ಬರೆದಿರುವುದನ್ನು ಆ ನಾಡುಗಳ ಜನರು ‘ಬ’ಕಾರಕ್ಕೆ ಹತ್ತಿರವಾಗಿ ಉಚ್ಚರಿಸುತ್ತಾರೆ. ಪದದಲ್ಲಿ ಒತ್ತು ಬೀಳುವ ಸ್ಥಳವನ್ನು ಸಾಧ್ಯವಾದಲ್ಲೆಲ್ಲ ದೀರ್ಘಾಕ್ಷರದಿಂದ ಸೂಚಿಸಲಾಗಿದೆ.

‘ಸೆ’ ಎಂಬ ಬಾಲ

ನಿಘಂಟಿನಲ್ಲಿ ಸ್ಪ್ಯಾನಿಷ್ ಕ್ರಿಯಾಪದಗಳು ‘ಆರ್’, ‘ಏರ್’, ‘ಈರ್’ ಎಂಬ ಮೂರರಲ್ಲಿ ಒಂದರಿಂದ ಕೊನೆಗೊಳ್ಳುತ್ತವೆ. ಆತ್ಮಾರ್ಥಕವಾದರೆ ಇದರ ಹಿಂದೆ ‘ಸೆ’ ಎಂಬ ಬಾಲ ಸೇರುತ್ತದೆ. ‘ಲವಾರ್’ ಎಂದರೆ ತೊಳೆಯುವುದು, ‘ಲವಾರ್ಸೆ’ ಎಂದರೆ ತೊಳೆದುಕೊಳ್ಳುವುದು. ಈ ಜೋಡಿಯನ್ನು ಕಂಡೊಡನೆ ಕನ್ನಡಿಗರಿಗೆ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ನೆನಪಾಗದೆ ಇರದು. ಬಾಚು, ಬಾಚಿಕೊಳ್ಳು, ತೊಳೆ, ತೊಳೆದುಕೊಳ್ಳು, ಇಡು, ಇಟ್ಟುಕೊಳ್ಳು ಎಂಬ ಜೋಡಿಗಳಲ್ಲಿ ‘ಕೊಳ್ಳು’ ಮಾಡುವ ಕೆಲಸವನ್ನೇ ಅಲ್ಲಿ ‘ಸೆ’ ಮಾಡುತ್ತದೆ.

ಆದರೆ ಎಲ್ಲ ಕಡೆಯೂ ಈ ಸಮೀಕರಣ ಹೊಂದುವುದಿಲ್ಲ. ಕನ್ನಡದಲ್ಲಿ ‘ಏಳು’, ‘ಮಲಗು’, ‘ಕೂರು’ ಎಂಬವು ಮೂಲ ರೂಪಗಳು. ಬೇರೊಬ್ಬರಿಂದ ಆ ಕೆಲಸ ಮಾಡಿಸಿದಾಗ ಅವು ಎಬ್ಬಿಸು, ಮಲಗಿಸು, ಕೂರಿಸು ಎಂದು ಬೆಳೆಯುತ್ತವೆ. ಸ್ಪ್ಯಾನಿಷ್ ಹೋಗುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಅಲ್ಲಿ ‘ಲೆವಂತಾರ್’ ಎಂಬ ಮೂಲಕ್ಕೆ ಎತ್ತುವುದು, ಎಬ್ಬಿಸುವುದು ಎಂಬ ಅರ್ಥ. ಅದಕ್ಕೆ ‘ಸೆ’ ಸೇರಿ ‘ಲೆವಂತಾರ್ಸೆ’ ಆದಾಗ ತಾನೇ ಏಳುವುದು ಎಂದಾಗುತ್ತದೆ. ‘ಅಕೊಸ್ತಾರ್’ ಮಲಗಿಸುವುದು, ‘ಅಕೊಸ್ತಾರ್ಸೆ’ ಮಲಗುವುದು. ‘ಸೆಂತಾರ್’ ಕೂರಿಸುವುದು, ‘ಸೆಂತಾರ್ಸೆ’ ಕೂರುವುದು. ಕನ್ನಡವು ‘ಇಸು’ ಸೇರಿಸಿ ಸಾಧಿಸುವ ಭೇದವನ್ನು ಸ್ಪ್ಯಾನಿಷ್ ಭಾಷೆಯು ‘ಸೆ’ ಸೇರಿಸಿ ಸಾಧಿಸುತ್ತದೆ. ಮಗುವನ್ನು ಮಲಗಿಸುವ ತಾಯಿ ‘ಸೆ’ ಇಲ್ಲದೆ ಮಲಗಿಸುತ್ತಾಳೆ. ತಾನು ಮಲಗುವಾಗ ಮಾತ್ರ ಅವಳಿಗೆ ‘ಸೆ’ ಬೇಕು.

ಇನ್ನು ಕೆಲವು ಕ್ರಿಯಾಪದಗಳಲ್ಲಿ ‘ಸೆ’ ಸೇರಿದಾಗ ಅರ್ಥವೇ ಸ್ವಲ್ಪ ಹೊರಳುತ್ತದೆ. ‘ಈರ್’ ಎಂದರೆ ಹೋಗುವುದು, ‘ಈರ್ಸೆ’ ಎಂದರೆ ಇದ್ದ ಜಾಗವನ್ನು ಬಿಟ್ಟು ಹೊರಟುಹೋಗುವುದು. ‘ದೊರ್ಮೀರ್’ ನಿದ್ರಿಸುವುದು, ‘ದೊರ್ಮೀರ್ಸೆ’ ನಿದ್ದೆಗೆ ಜಾರುವುದು. ಪಶ್ಚಾತ್ತಾಪ ಪಡುವ ‘ಅರ್ರೆಪೆಂತೀರ್ಸೆ’, ದೂರುವ ‘ಕೆಹಾರ್ಸೆ’, ಧೈರ್ಯ ಮಾಡುವ ‘ಅತ್ರೆವೇರ್ಸೆ’ ಮುಂತಾದವು ಇಂದಿನ ಬಳಕೆಯಲ್ಲಿ ‘ಸೆ’ ಬಿಟ್ಟು ಒಂಟಿಯಾಗಿ ನಿಲ್ಲುವುದೇ ಇಲ್ಲ.

ಮೂರು ಹೆಜ್ಜೆಗಳ ನಿಯಮ

‘ಲೆವಂತಾರ್ಸೆ’ ಎಂಬುದನ್ನು ಸಂಭಾವನಾರ್ಥಕಕ್ಕೆ ತರುವ ವಿಧಾನದಲ್ಲಿ ಮೂರೇ ಹೆಜ್ಜೆಗಳಿವೆ. ಮೊದಲು ಬಾಲದಲ್ಲಿರುವ ‘ಸೆ’ಯನ್ನು ಬಿಡಿಸಿ ತೆಗೆಯಬೇಕು. ಉಳಿದ ‘ಲೆವಂತಾರ್’ ಎಂಬುದರಲ್ಲಿ ಏನನ್ನೂ ಕತ್ತರಿಸದೆ ಅದರ ತುದಿಗೆ ‘ಈಯ’ ವರ್ಗದ ಪ್ರತ್ಯಯವನ್ನು ಹಚ್ಚಬೇಕು. ಕೊನೆಗೆ, ತೆಗೆದಿಟ್ಟ ‘ಸೆ’ಯನ್ನು ಕರ್ತೃವಿಗೆ ಹೊಂದುವಂತೆ ಬದಲಿಸಿ ಕ್ರಿಯಾಪದದ ಮುಂದೆ ಪ್ರತ್ಯೇಕ ಪದವಾಗಿ ನಿಲ್ಲಿಸಬೇಕು. ಆಗ ದೊರೆಯುವ ರೂಪಗಳು ಹೀಗಿವೆ:

ನಾನು (ಯೋ): ಮೆ ಲೆವಂತರೀಯ
ನೀನು (ತೂ): ತೆ ಲೆವಂತರೀಯಸ್
ಅವನು, ಅವಳು, ತಾವು (ಉಸ್ತೆದ್): ಸೆ ಲೆವಂತರೀಯ
ನಾವು (ನೊಸೋತ್ರೊಸ್): ನೊಸ್ ಲೆವಂತರೀಯಮೊಸ್
ನೀವು (ವೊಸೋತ್ರೊಸ್): ಒಸ್ ಲೆವಂತರೀಯೈಸ್
ಅವರು, ತಾವೆಲ್ಲ (ಉಸ್ತೆದೆಸ್): ಸೆ ಲೆವಂತರೀಯನ್

ಬೇರೆ ಕಾಲಗಳಲ್ಲಿ ‘ಆರ್’ ವರ್ಗಕ್ಕೊಂದು, ‘ಏರ್’ ಮತ್ತು ‘ಈರ್’ ವರ್ಗಗಳಿಗೆ ಇನ್ನೊಂದು ಎಂದು ಪ್ರತ್ಯಯಗಳ ಪಟ್ಟಿಯನ್ನು ಉರು ಹೊಡೆಯಬೇಕಾಗುತ್ತದೆ. ಇಲ್ಲಿ ಆ ಕಷ್ಟವಿಲ್ಲ. ಮೂರೂ ವರ್ಗಗಳಿಗೆ ಇದೇ ಆರು ಪ್ರತ್ಯಯಗಳು. ಒತ್ತು ಆರೂ ರೂಪಗಳಲ್ಲಿ ‘ರೀ’ ಮೇಲೆಯೇ ಬೀಳುತ್ತದೆ. ಹೀಗಾಗಿ ಕಿವಿಗೆ ‘ರೀಯ’ ಎಂಬ ಧ್ವನಿ ಬಿದ್ದೊಡನೆ ಇದು ಸಂಭಾವನಾರ್ಥಕವಿರಬೇಕೆಂದು ಎಚ್ಚೆತ್ತುಕೊಳ್ಳಬಹುದು.

ದೇಶದಿಂದ ದೇಶಕ್ಕೆ ಬಳಕೆಯಲ್ಲಿ ಸ್ವಲ್ಪ ವ್ಯತ್ಯಾಸವಿದೆ. ‘ವೊಸೋತ್ರೊಸ್’ ಎಂಬ ಆತ್ಮೀಯ ಬಹುವಚನವು ಮುಖ್ಯವಾಗಿ ಸ್ಪೇನ್‌ನ ಮಾತು. ಲ್ಯಾಟಿನ್ ಅಮೆರಿಕದಲ್ಲಿ ಎದುರಿಗಿರುವವರು ಗೆಳೆಯರಾಗಲಿ ಗಣ್ಯರಾಗಲಿ, ಒಬ್ಬರಿಗಿಂತ ಹೆಚ್ಚಿದ್ದರೆ ‘ಉಸ್ತೆದೆಸ್ ಸೆ ಲೆವಂತರೀಯನ್’ ಎನ್ನುವುದೇ ವಾಡಿಕೆ. ಆದ್ದರಿಂದ ಅಲ್ಲಿಗೆಂದು ಕಲಿಯುವವರು ಐದು ರೂಪಗಳನ್ನು ಅರಿತರೆ ಸಾಕು. ಅರ್ಜೆಂಟೀನಾದಲ್ಲಿ ‘ತೂ’ ಬದಲಿಗೆ ‘ವೋಸ್’ ಎನ್ನುತ್ತಾರೆ. ವರ್ತಮಾನ ಕಾಲದಲ್ಲಿ ಇದರಿಂದ ಕ್ರಿಯಾಪದವೂ ಬದಲಾಗುತ್ತದೆ. ಸಂಭಾವನಾರ್ಥಕದಲ್ಲಿ ಮಾತ್ರ ‘ವೋಸ್ ತೆ ಲೆವಂತರೀಯಸ್’ ಎಂದು ಅದೇ ರೂಪ ಉಳಿಯುತ್ತದೆ.

ಮುಂದಿನ ಪುಟ್ಟ ಪದದ ಬೆಲೆ

ಮೇಲಿನ ಪಟ್ಟಿಯಲ್ಲಿ ‘ನಾನು’ ಹಾಗೂ ‘ಅವನು’ ಎಂಬೆರಡರ ಎದುರಿಗಿರುವ ಕ್ರಿಯಾಪದ ಒಂದೇ ಎಂಬುದು ಗಮನಾರ್ಹ. ಸಾಮಾನ್ಯ ಕ್ರಿಯಾಪದಗಳಲ್ಲಿ ಇದು ಗೊಂದಲಕ್ಕೆ ಎಡೆಮಾಡುತ್ತದೆ. ‘ಕೊಮೆರೀಯ’ ಎಂದಷ್ಟೇ ಹೇಳಿದರೆ ತಿನ್ನುತ್ತಿದ್ದವರು ಯಾರು ಎಂಬುದು ತಿಳಿಯದು. ನಾನೋ, ಅವನೋ, ಅವಳೋ, ತಾವೋ ಎಂಬುದನ್ನು ಸಂದರ್ಭವೇ ಹೇಳಬೇಕು. ಆತ್ಮಾರ್ಥಕದಲ್ಲಿ ಈ ಸಂಶಯ ಅರ್ಧಕ್ಕರ್ಧ ನಿವಾರಣೆಯಾಗುತ್ತದೆ. ‘ಮೆ ಇರೀಯ’ ಎಂದರೆ ಹೊರಟುಹೋಗುವವನು ನಾನು. ‘ಸೆ ಇರೀಯ’ ಎಂದರೆ ಹೊರಟುಹೋಗುವವರು ಬೇರೊಬ್ಬರು. ಕಲಿಯುವವರು ಅಭ್ಯಾಸಬಲದಿಂದ ಎಲ್ಲದಕ್ಕೂ ‘ಸೆ’ ಹಚ್ಚಿಬಿಡುವುದು ಸಾಮಾನ್ಯ. ಹಾಗೆ ಮಾಡಿದವರು ತಮ್ಮ ರಾಜೀನಾಮೆಯ ಮಾತನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ. ಕನ್ನಡದ ‘ಕೊಳ್ಳು’ ತಾನು ಬದಲಾಗದೆ ಕೊನೆಯ ಪ್ರತ್ಯಯಕ್ಕೆ ಮಾತ್ರ ಕರ್ತೃವನ್ನು ಸೂಚಿಸುವ ಹೊಣೆಯನ್ನು ಬಿಡುತ್ತದೆ. ಸ್ಪ್ಯಾನಿಷ್ ಈ ಹೊಣೆಯನ್ನು ಮುಂದಿನ ಪದಕ್ಕೂ ಹಿಂದಿನ ಪ್ರತ್ಯಯಕ್ಕೂ ಹಂಚಿದೆ. ಎರಡೂ ಹೊಂದಿಕೊಂಡಿರಬೇಕು.

ಗೌರವಸೂಚಕವಾದ ‘ಉಸ್ತೆದ್’ ಎದುರಿಗಿರುವವರನ್ನೇ ಕುರಿತಿದ್ದರೂ ಅದಕ್ಕೆ ‘ಅವನು’ ‘ಅವಳು’ಗಳ ‘ಸೆ’ ಏಕೆ ಎಂಬ ಪ್ರಶ್ನೆ ಸಹಜ. ‘ತಮ್ಮ ಕೃಪೆ’ ಎಂಬರ್ಥದ ‘ವುಎಸ್ತ್ರ ಮೆರ್ಸೆದ್’ ಎಂಬ ಹಳೆಯ ಗೌರವೋಕ್ತಿ ಸವೆದು ‘ಉಸ್ತೆದ್’ ಆಗಿದೆ. ಕೃಪೆ ಎಂಬುದು ಪ್ರಥಮ ಪುರುಷವಾದ್ದರಿಂದ ಕ್ರಿಯಾಪದವೂ ಅದನ್ನೇ ಅನುಸರಿಸಿತು. ಕನ್ನಡದಲ್ಲೂ ‘ತಾವು’ ಎಂಬ ಆತ್ಮಾರ್ಥಕ ಸರ್ವನಾಮವೇ ಎದುರಿನವರಿಗೆ ಸಲ್ಲಿಸುವ ಗೌರವದ ಮಾತಾಗಿದೆಯೆಂಬುದನ್ನು ನೆನೆದರೆ ಈ ಪದ್ಧತಿ ಅಷ್ಟು ಅಪರಿಚಿತವೆನಿಸದು.

ಮುಂದಿನ ಪದದ ಸ್ಥಾನದ ಬಗೆಗೂ ನಿಯಮ ಖಚಿತವಾಗಿದೆ. ಅಲ್ಲಗಳೆಯುವ ‘ನೊ’ ಬಂದರೆ ಅದು ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ: ‘ನೊ ಮೆ ಲೆವಂತರೀಯ’, ಅಂದರೆ ನಾನು ಏಳುತ್ತಿರಲಿಲ್ಲ. ‘ಕೈ ತೊಳೆದುಕೊಳ್ಳುತ್ತಿದ್ದೆ’ ಎನ್ನಲು ‘ಮೆ ಲವರೀಯ ಲಾಸ್ ಮಾನೊಸ್’ ಎನ್ನಬೇಕು. ‘ನನ್ನ ಕೈ’ ಎಂದು ಬಿಡಿಸಿ ಹೇಳುವ ಅಗತ್ಯ ಕನ್ನಡಕ್ಕಿಲ್ಲದಂತೆ ಸ್ಪ್ಯಾನಿಷ್‌ಗೂ ಇಲ್ಲ. ಯಾರ ಕೈ ಎಂಬುದನ್ನು ‘ಮೆ’ ಆಗಲೇ ಹೇಳಿದೆ. ಕೈಗಳನ್ನು ‘ಅವನ್ನು’ ಎಂದು ಸೂಚಿಸುವಾಗ ಆ ಸರ್ವನಾಮ ‘ಮೆ’ಯ ಬಳಿಕ ಬರುತ್ತದೆ: ‘ಮೆ ಲಾಸ್ ಲವರೀಯ’.

ಒಂದು ವಾಕ್ಯದಲ್ಲಿ ಎರಡು ಕ್ರಿಯಾಪದಗಳು ಜೊತೆಗೂಡಿದಾಗ ‘ಸೆ’ಗೆ ಎರಡು ಆಸನಗಳು ದೊರೆಯುತ್ತವೆ. ವೈದ್ಯರು ರೋಗಿಗೆ ‘ತಾವು ಮಲಗಬೇಕು’ ಎಂದು ಸೌಮ್ಯವಾಗಿ ಸೂಚಿಸುವಾಗ ‘ದೆಬೆರೀಯ ಅಕೊಸ್ತಾರ್ಸೆ’ ಎಂದೂ ಹೇಳಬಹುದು, ‘ಸೆ ದೆಬೆರೀಯ ಅಕೊಸ್ತಾರ್’ ಎಂದೂ ಹೇಳಬಹುದು. ಮುಂದೆ ಬಿಡಿಯಾಗಿ ಅಥವಾ ಹಿಂದೆ ಅಂಟಿಕೊಂಡು, ಎರಡೂ ಸರಿ. ನಡುವೆ ತೂರಿಸುವುದು ಮಾತ್ರ ಸಲ್ಲದು.

ಇಲ್ಲಿ ಎಡವುವ ಒಂದು ಸ್ಥಳವನ್ನು ಹೇಳಲೇಬೇಕು. ‘ಬೇಗ ಏಳಲು ನನಗೆ ಇಷ್ಟ’ ಎಂಬ ಆಸೆಯನ್ನು ‘ಮೆ ಗುಸ್ತರೀಯ ಲೆವಂತಾರ್ಮೆ ತೆಂಪ್ರಾನೊ’ ಎಂದು ಹೇಳುತ್ತಾರೆ. ಇದರಲ್ಲಿ ಎರಡು ‘ಮೆ’ಗಳಿವೆ. ಮೊದಲನೆಯದು ಆತ್ಮಾರ್ಥಕವಲ್ಲ, ‘ನನಗೆ’ ಎಂಬ ಚತುರ್ಥಿ ವಿಭಕ್ತಿ. ಕನ್ನಡದಲ್ಲೂ ಇಷ್ಟವಾಗುವುದು ‘ನನಗೆ’ ಆದ್ದರಿಂದ ಈ ರಚನೆ ನಮಗೆ ಚೆನ್ನಾಗಿ ಒಗ್ಗುತ್ತದೆ. ಎರಡನೆಯ ‘ಮೆ’ ಮಾತ್ರ ‘ಲೆವಂತಾರ್ಸೆ’ಯ ‘ಸೆ’ ತಾಳಿದ ರೂಪ. ಬಾಲದ ‘ಸೆ’ಯನ್ನು ಬದಲಿಸದೆ ‘ಮೆ ಗುಸ್ತರೀಯ ಲೆವಂತಾರ್ಸೆ’ ಎಂದರೆ ತಪ್ಪಾಗುತ್ತದೆ.

ಹನ್ನೆರಡು ಹಟಮಾರಿಗಳು

ನಿಯಮಕ್ಕೆ ಬಗ್ಗದ ಕ್ರಿಯಾಪದಗಳು ಎಲ್ಲ ಭಾಷೆಗಳಲ್ಲೂ ಇವೆ. ಸ್ಪ್ಯಾನಿಷ್ ಸಂಭಾವನಾರ್ಥಕದಲ್ಲಿ ಅವುಗಳ ಸಂಖ್ಯೆ ಮೂಲತಃ 12. ಅಲ್ಲೂ ಪ್ರತ್ಯಯ ಬದಲಾಗುವುದಿಲ್ಲ, ಅದಕ್ಕೆ ಮುಂಚಿನ ಭಾಗವಷ್ಟೇ ಬದಲಾಗುತ್ತದೆ. ಐದರಲ್ಲಿ ನಡುವಿನ ಸ್ವರ ಉದುರುತ್ತದೆ: ಪೊದೇರ್, ಸಬೇರ್, ಅಬೇರ್, ಕಬೇರ್, ಕೆರೇರ್ ಎಂಬವು ಕ್ರಮವಾಗಿ ಪೊದ್ರೀಯ, ಸಬ್ರೀಯ, ಅಬ್ರೀಯ, ಕಬ್ರೀಯ, ಕೆರ್ರೀಯ ಆಗುತ್ತವೆ. ಇನ್ನೈದರಲ್ಲಿ ಉದುರಿದ ಸ್ವರದ ಜಾಗಕ್ಕೆ ‘ದ’ಕಾರ ಬಂದು ಕೂರುತ್ತದೆ: ಪೊನೇರ್, ತೆನೇರ್, ವೆನೀರ್, ಸಲೀರ್, ವಲೇರ್ ಎಂಬವು ಪೊಂದ್ರೀಯ, ತೆಂದ್ರೀಯ, ವೆಂದ್ರೀಯ, ಸಲ್ದ್ರೀಯ, ವಲ್ದ್ರೀಯ ಎಂದಾಗುತ್ತವೆ. ಉಳಿದೆರಡು ತುಂಡಾಗುತ್ತವೆ: ‘ದೆಸೀರ್’ ಎಂಬುದು ‘ದಿರೀಯ’, ‘ಅಸೇರ್’ ಎಂಬುದು ‘ಅರೀಯ’.

ಇವುಗಳ ಆತ್ಮಾರ್ಥಕ ರೂಪಗಳಿಗೂ ಇದೇ ನ್ಯಾಯ. ಉಡುಪು ತೊಡುವ ‘ಪೊನೇರ್ಸೆ’ಯಿಂದ ‘ಮೆ ಪೊಂದ್ರೀಯ’, ವೈದ್ಯನೋ ವಕೀಲನೋ ಆಗುವ ‘ಅಸೇರ್ಸೆ’ಯಿಂದ ‘ಮೆ ಅರೀಯ’. ‘ತೆನೇರ್’ ಕುಟುಂಬಕ್ಕೆ ಸೇರಿದ, ನಿಲ್ಲುವುದೆಂಬ ಅರ್ಥದ ‘ದೆತೆನೇರ್ಸೆ’ಯಿಂದ ‘ಸೆ ದೆತೆಂದ್ರೀಯ’.

ಈ ಹನ್ನೆರಡನ್ನು ಬಿಟ್ಟರೆ ಉಳಿದ ದಾರಿ ಸುಗಮ. ವರ್ತಮಾನ ಕಾಲದಲ್ಲಿ ಕಲಿಯುವವರನ್ನು ಕಾಡುವ ಸ್ವರವಿಕಾರಗಳು ಇಲ್ಲಿ ತಲೆ ಹಾಕುವುದಿಲ್ಲ. ‘ಮಲಗುತ್ತೇನೆ’ ಎನ್ನಲು ‘ಮೆ ಅಕ್ವೆಸ್ತೊ’ ಎಂದು ‘ಒ’ಕಾರವನ್ನು ‘ವೆ’ ಮಾಡಬೇಕು. ‘ಮಲಗುತ್ತಿದ್ದೆ’ ಎಂಬ ಷರತ್ತಿನ ಮಾತಿಗೆ ‘ಮೆ ಅಕೊಸ್ತರೀಯ’ ಎಂದು ಮೂಲವನ್ನು ಇದ್ದಂತೆಯೇ ಇಟ್ಟರಾಯಿತು. ಒತ್ತು ಪ್ರತ್ಯಯಕ್ಕೆ ಜಾರಿದ ಕಾರಣ ಮೂಲದ ಸ್ವರ ನಿರಾಳವಾಗಿ ಉಳಿಯುತ್ತದೆ. ಇದರಿಂದ ಆಗುವ ಉಪಕಾರವೂ ಒಂದಿದೆ. ವರ್ತಮಾನದಲ್ಲಿ ‘ಮೆ ಸ್ಯೆಂತೊ’ ಎಂಬ ಮಾತಿಗೆ ‘ಕೂರುತ್ತೇನೆ’ ಎಂದೂ ‘ನನಗೆ ಅನಿಸುತ್ತದೆ’ ಎಂದೂ ಎರಡರ್ಥ. ಏಕೆಂದರೆ ‘ಸೆಂತಾರ್ಸೆ’, ‘ಸೆಂತೀರ್ಸೆ’ ಎಂಬೆರಡು ಬೇರೆ ಕ್ರಿಯಾಪದಗಳು ಅಲ್ಲಿ ಒಂದೇ ವೇಷ ತೊಡುತ್ತವೆ. ಸಂಭಾವನಾರ್ಥಕದಲ್ಲಿ ‘ಮೆ ಸೆಂತರೀಯ’ ಕೂರುವುದನ್ನೂ ‘ಮೆ ಸೆಂತಿರೀಯ’ ಅನಿಸುವುದನ್ನೂ ಸ್ಪಷ್ಟವಾಗಿ ಬೇರ್ಪಡಿಸುತ್ತವೆ.

ಹಿಂದಿನ ಕಥೆ

‘ಈಯ’ ಎಂಬ ಪ್ರತ್ಯಯ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಲ್ಯಾಟಿನ್‌ನಲ್ಲಿದೆ. ಆಡುಮಾತಿನ ಲ್ಯಾಟಿನ್‌ನಲ್ಲಿ ‘ಹಾಡು’ ಎಂಬ ಕ್ರಿಯೆಯ ಮೂಲರೂಪದ ಜೊತೆಗೆ ‘ನನಗೆ ಇತ್ತು’ ಎಂಬರ್ಥದ ‘ಹಬೇಬಮ್’ ಸೇರಿಸಿ ಹೇಳುವ ರೂಢಿ ಬೆಳೆಯಿತು. ಕನ್ನಡದಲ್ಲಿ ‘ಹಾಡುವುದಿತ್ತು’ ಎನ್ನುವುದಕ್ಕೆ ಅದು ಹತ್ತಿರ. ಕಾಲಕ್ರಮೇಣ ಈ ಎರಡು ಪದಗಳು ಕೂಡಿಕೊಂಡವು, ಎರಡನೆಯದು ಸವೆದು ‘ಈಯ’ ಆಯಿತು. ಅಂದರೆ ‘ಲೆವಂತರೀಯ’ ಎಂಬುದರ ಒಡಲಿನಲ್ಲಿ ‘ಏಳುವುದಿತ್ತು’ ಎಂಬ ಮಾತು ಹುದುಗಿದೆ. ಸ್ಪ್ಯಾನಿಷ್‌ಗೆ ಮೊದಲ ವ್ಯಾಕರಣವನ್ನು 1492ರಲ್ಲಿ ಪ್ರಕಟಿಸಿದ ಆಂತೋನಿಯೊ ದೆ ನೆಬ್ರಿಹಾ ಈ ಕೂಡುಪದದ ರಹಸ್ಯವನ್ನು ಆಗಲೇ ಗುರುತಿಸಿದ್ದರು.

ಮಧ್ಯಯುಗದಲ್ಲಿ ಈ ಬೆಸುಗೆ ಇನ್ನೂ ಹಸಿಯಾಗಿತ್ತು. ಹೀಗಾಗಿ ಸರ್ವನಾಮವು ಎರಡರ ನಡುವೆ ನುಸುಳಬಹುದಿತ್ತು. ‘ಲೆವಂತಾರ್-ಮೆ-ಈಯ’ ಎಂಬ ಬಗೆಯ ರಚನೆಗಳು ಆ ಕಾಲದ ಬರಹಗಳಲ್ಲಿ ಸಾಮಾನ್ಯವಾಗಿದ್ದವು. ಹದಿನೇಳನೇ ಶತಮಾನದ ಹೊತ್ತಿಗೆ ಸ್ಪ್ಯಾನಿಷ್‌ನಲ್ಲಿ ಈ ಪದ್ಧತಿ ಬಹುಮಟ್ಟಿಗೆ ಮರೆಯಾಗಿ, ಸರ್ವನಾಮ ಮುಂದಕ್ಕೆ ಬಂದು ನೆಲೆಸಿತು. ಸೋದರ ಭಾಷೆಯಾದ ಪೋರ್ಚುಗೀಸ್ ಮಾತ್ರ ತನ್ನ ಔಪಚಾರಿಕ ಬರವಣಿಗೆಯಲ್ಲಿ ಹಳೆಯ ಕ್ರಮವನ್ನು ಇಂದಿಗೂ ಉಳಿಸಿಕೊಂಡಿದೆ. ಕರ್ನಾಟಕದ ನೆರೆಯ ಗೋವಾದಲ್ಲಿ 1961ರವರೆಗೆ ಆಡಳಿತ ನಡೆಸಿದ್ದು ಅದೇ ಭಾಷೆ.

ಈ ರೂಪಕ್ಕೆ ಹೆಸರಿಡುವಲ್ಲಿಯೂ ಪಂಡಿತರು ಒಮ್ಮತಕ್ಕೆ ಬರಲಿಲ್ಲ. ಕರಾಕಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ 1847ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಇದನ್ನು ‘ಪೊಸ್ಪ್ರೆತೇರಿತೊ’ ಎಂದು, ಅಂದರೆ ಭೂತಕಾಲದ ಒಂದು ಬಿಂದುವಿನಿಂದ ಮುಂದಕ್ಕೆ ನೋಡುವ ಕಾಲವೆಂದು ಕರೆದರು. ಮೆಕ್ಸಿಕೊದ ಶಾಲಾ ಪಾಠಗಳಲ್ಲಿ ಈ ಹೆಸರು ಇಂದಿಗೂ ಬಳಕೆಯಲ್ಲಿದೆ. 1713ರಲ್ಲಿ ಸ್ಥಾಪನೆಯಾದ ಸ್ಪೇನ್‌ನ ರಾಯಲ್ ಅಕಾಡೆಮಿ ತನ್ನ 1931ರ ವ್ಯಾಕರಣದಲ್ಲಿ ಇದನ್ನು ಪ್ರತ್ಯೇಕ ಕ್ರಿಯಾರ್ಥವೆಂದೇ ಪರಿಗಣಿಸಿತ್ತು. 1973ರಲ್ಲಿ ‘ಕೊಂದಿಸಿಯೊನಾಲ್’ ಎಂಬ ಹೆಸರಿಗೆ ಒಲಿಯಿತು.

ಎಲ್ಲೆಲ್ಲಿ ಬಳಕೆ

ಬೆಯೊ ಅವರ ಹೆಸರಿಗೆ ಆಧಾರವಾದ ಬಳಕೆ ವರದಿಯ ಮಾತಿನಲ್ಲಿ ಕಾಣುತ್ತದೆ. ‘ದೀಹೊ ಕೆ ಸೆ ಕಸರೀಯ’ ಎಂದರೆ ‘ಮದುವೆಯಾಗುವುದಾಗಿ ಅವಳು ಹೇಳಿದಳು’. ಹೇಳಿದ್ದು ಭೂತ, ಮದುವೆ ಆ ಕ್ಷಣಕ್ಕೆ ಭವಿಷ್ಯ.

ಎರಡನೆಯದು ಷರತ್ತಿನ ವಾಕ್ಯ. ‘ಸಿ ತುವ್ಯೇರ ತ್ಯೆಂಪೊ, ಮೆ ಕೆದರೀಯ’, ಅಂದರೆ ‘ಸಮಯವಿದ್ದಿದ್ದರೆ ಉಳಿದುಕೊಳ್ಳುತ್ತಿದ್ದೆ’. ‘ಸಿ’ ಎಂಬುದು ಕನ್ನಡದ ‘ರೆ’ಗೆ ಸಮಾನ. ‘ಸಿ’ ಇರುವ ಭಾಗದಲ್ಲಿ ಸಂಭಾವನಾರ್ಥಕ ಬರಕೂಡದೆಂಬುದು ಶಿಷ್ಟ ಭಾಷೆಯ ನಿಯಮ. ಅಲ್ಲಿ ‘ತುವ್ಯೇರ’ದಂತಹ ಬೇರೆ ರೂಪವೇ ಬೇಕು. ಸ್ಪೇನ್‌ನ ಉತ್ತರದ ಬಾಸ್ಕ್ ಸೀಮೆ ಹಾಗೂ ಅದರ ಸುತ್ತಲಿನ ಆಡುಮಾತಿನಲ್ಲಿ ಎರಡೂ ಭಾಗಗಳಿಗೆ ಸಂಭಾವನಾರ್ಥಕವನ್ನೇ ಬಳಸುವುದುಂಟು. ಕೇಳಿ ಬೆರಗಾಗಬೇಕಿಲ್ಲ, ಪರೀಕ್ಷೆಯಲ್ಲಿ ಅನುಸರಿಸಲೂಬಾರದು. ಕಾಲ ಮೀರಿಹೋದ ಅವಕಾಶಕ್ಕೆ ‘ಮೆ ಅಬ್ರೀಯ ಲೆವಂತಾದೊ’ ಎಂಬ ಸಂಯುಕ್ತ ರೂಪವಿದೆ. ‘ಎದ್ದಿರುತ್ತಿದ್ದೆ’ ಎಂಬ ಈ ರೂಪದಲ್ಲಿ ‘ಮೆ’ ಎಲ್ಲಕ್ಕಿಂತ ಮುಂದೆಯೇ ಇರುತ್ತದೆ.

ಮೂರನೆಯದು ಸಲಹೆ ಮತ್ತು ವಿನಯ. ‘ಯೋ ಕೆ ತೂ, ಮೆ ಕೆದರೀಯ ಎನ್ ಕಾಸ’, ಅಂದರೆ ‘ನಿನ್ನ ಜಾಗದಲ್ಲಿ ನಾನಿದ್ದರೆ ಮನೆಯಲ್ಲೇ ಇದ್ದುಬಿಡುತ್ತಿದ್ದೆ’. ‘ಸೆ ಸೆಂತರೀಯ ಆಕೀ?’ ಎಂದು ಕೇಳಿದರೆ ‘ತಾವು ಇಲ್ಲಿ ಕುಳಿತುಕೊಳ್ಳುವಿರಾ?’ ಎಂಬ ಮರ್ಯಾದೆ ಬರುತ್ತದೆ.

ನಾಲ್ಕನೆಯದು ಭೂತಕಾಲದ ಊಹೆ. ‘ಸೆ ಅಕೊಸ್ತರೀಯನ್ ಆ ಲಾಸ್ ಒನ್ಸೆ’ ಎಂದರೆ ‘ಅವರು ಹನ್ನೊಂದಕ್ಕೆ ಮಲಗಿರಬಹುದು’. ಕನ್ನಡದ ‘ಬಂದಾನು’, ‘ಎದ್ದೇನು’ ಎಂಬ ಸಂಭಾವನಾರ್ಥಕಗಳು ಮುಂದಾಗಬಹುದಾದುದನ್ನು ಊಹಿಸುತ್ತವೆ. ಸ್ಪ್ಯಾನಿಷ್‌ನ ಈ ಬಳಕೆ ಆಗಿಹೋದುದನ್ನು ಊಹಿಸುತ್ತದೆ.

ಒಂದು ಅಕ್ಷರದ ಅಂತರ

ಆರಂಭದಲ್ಲಿ ಹೇಳಿದ ತೊಡಕಿಗೆ ಈಗ ಮರಳಬಹುದು. ಕನ್ನಡದ ‘ಉತ್ತಿದ್ದೆ’ ರೂಢಿಗೂ ಷರತ್ತಿಗೂ ಸಲ್ಲುವುದರಿಂದ ಕನ್ನಡಿಗರು ಸ್ಪ್ಯಾನಿಷ್‌ನಲ್ಲಿ ಒಂದನ್ನೇ ಎರಡಕ್ಕೂ ಬಳಸುವ ಅಪಾಯವಿದೆ. ‘ಆರ್’ ವರ್ಗದಲ್ಲಿ ‘ಲೆವಂತಾಬ’, ‘ಲೆವಂತರೀಯ’ ಎಂಬ ರೂಪಗಳು ಕಿವಿಗೆ ದೂರದೂರವಾಗಿ ಕೇಳಿಸುತ್ತವೆ. ‘ಈರ್’ ವರ್ಗದಲ್ಲಿ ಹಾಗಲ್ಲ. ‘ಮೆ ದೊರ್ಮೀಯ’ ಎಂದರೆ ನಿದ್ದೆಗೆ ಜಾರುತ್ತಿದ್ದೆ ಎಂಬ ನಡೆದ ಸಂಗತಿ. ‘ಮೆ ದೊರ್ಮಿರೀಯ’ ಎಂದರೆ ಷರತ್ತಿಗೆ ಒಳಪಟ್ಟ ಮಾತು. ನಡುವೆ ಇರುವುದು ‘ರೀ’ ಎಂಬ ಒಂದೇ ಅಕ್ಷರದ ಅಂತರ. ರಾತ್ರಿ ವಾಹನ ಚಲಾಯಿಸಿದವನೊಬ್ಬನ ಹೇಳಿಕೆಯನ್ನು ಅನುವಾದಿಸುವಾಗ ಆ ಅಕ್ಷರ ಜಾರಿದರೆ ಊಹೆಯೊಂದು ತಪ್ಪೊಪ್ಪಿಗೆಯಾಗಿ ದಾಖಲಾದೀತು. ಹೀಗಾಗಿ ಬಾಯಿಗೆ ತರುವ ಮೊದಲು ‘ಇದು ನಡೆದಿತ್ತೆ, ಇಲ್ಲವೆ?’ ಎಂದು ಕೇಳಿಕೊಳ್ಳುವುದು ಕ್ಷೇಮ. ನಡೆದಿದ್ದರೆ ‘ರೀಯ’ ಬೇಡ.

ಪತ್ರಿಕೆಗಳ ಭಾಷೆಯಲ್ಲಿ ಇದು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಖಚಿತಪಡದ ಸುದ್ದಿಗೆ ಸಂಭಾವನಾರ್ಥಕ ಬಳಸುವ ಪರಿಪಾಠವೊಂದು ಸ್ಪ್ಯಾನಿಷ್ ಪತ್ರಿಕೋದ್ಯಮದಲ್ಲಿ, ವಿಶೇಷವಾಗಿ ಲ್ಯಾಟಿನ್ ಅಮೆರಿಕದಲ್ಲಿ, ಬೇರೂರಿದೆ. ಇದನ್ನು ‘ವದಂತಿಯ ಸಂಭಾವನಾರ್ಥಕ’ವೆಂದೇ ಕರೆಯುತ್ತಾರೆ. ‘ಎಲ್ ಮಿನಿಸ್ತ್ರೊ ಸೆ ರೆಉನಿರೀಯ ಓಯ್’ ಎಂದು ಬರೆದರೆ ಸಚಿವರು ಇಂದು ಸಭೆ ಸೇರಲಿದ್ದಾರೆ ‘ಎನ್ನಲಾಗಿದೆ’ ಎಂದರ್ಥ. ಕನ್ನಡ ವರದಿಗಾರರು ವಾಕ್ಯದ ಕೊನೆಗೆ ‘ಎನ್ನಲಾಗಿದೆ’ ಎಂದು ಸೇರಿಸಿ ಪಡೆಯುವ ರಕ್ಷಣೆಯನ್ನು ಅಲ್ಲಿನವರು ‘ರೀಯ’ದಿಂದ ಪಡೆಯುತ್ತಾರೆ. ಭಾಷಾ ಪಂಡಿತರು ಇದನ್ನು ಮೆಚ್ಚಿಲ್ಲ. ಮ್ಯಾಡ್ರಿಡ್‌ನ ‘ಎಲ್ ಪಾಯಿಸ್’ ದೈನಿಕದ ಶೈಲಿ ಕೈಪಿಡಿ ಈ ಬಳಕೆಯನ್ನು ನಿಷೇಧಿಸಿದೆ. ಸುದ್ದಿ ಖಚಿತವಾಗಿದ್ದರೆ ಖಚಿತವಾಗಿ ಬರೆಯಬೇಕು, ಇಲ್ಲವಾದರೆ ಯಾರು ಹೇಳಿದರೆಂಬುದನ್ನು ತಿಳಿಸಬೇಕು ಎಂಬುದು ಆಕ್ಷೇಪದ ತಿರುಳು.

ಆಕ್ಷೇಪಕ್ಕೆ ಕಾರಣವಿದೆ. ಅಧಿಕಾರಿಯೊಬ್ಬರ ಹೆಸರಿನ ಮುಂದೆ ‘ಸೆ ಅಬ್ರೀಯ ಕೆದಾದೊ ಕೊನ್ ಎಲ್ ದಿನೇರೊ’ ಎಂದು ಅಚ್ಚಾಯಿತೆನ್ನೋಣ. ‘ಹಣವನ್ನು ತಾವೇ ಇಟ್ಟುಕೊಂಡಿದ್ದಾರೆ ಎನ್ನಲಾಗಿದೆ’ ಎಂಬುದು ಅದರ ತಾತ್ಪರ್ಯ. ಇಲ್ಲಿ ‘ಸೆ’ ಎಂಬುದು ಕನ್ನಡದ ‘ಇಟ್ಟುಕೊಳ್ಳು’ವಿನ ‘ಕೊಳ್ಳು’ವಿನಂತೆ ಲಾಭ ಯಾರ ಪಾಲಾಯಿತೆಂಬುದನ್ನು ಬೆರಳಿಟ್ಟು ತೋರಿಸುತ್ತದೆ. ‘ಅಬ್ರೀಯ’ ಎಂಬುದು ಅದೇ ಹೊತ್ತಿಗೆ ಆ ಬೆರಳನ್ನು ಅರ್ಧ ಹಿಂದಕ್ಕೆಳೆದುಕೊಳ್ಳುತ್ತದೆ. ಆರೋಪವೂ ಆಯಿತು, ಹೊಣೆಯೂ ತಪ್ಪಿತು. ಅವಸರದಲ್ಲಿ ಓದುವವರ ಮನಸ್ಸಿನಲ್ಲಿ ಉಳಿಯುವುದು ಹೆಸರು ಮತ್ತು ಹಣ, ‘ರೀಯ’ ಅಲ್ಲ. ಅನುವಾದಿಸುವವರು ಅದನ್ನು ಬಿಟ್ಟರೆ ವದಂತಿ ವಾಸ್ತವವಾಗಿ ಗಡಿ ದಾಟುತ್ತದೆ.

ಆರು ಪ್ರತ್ಯಯಗಳು, ಐದು ಪುಟ್ಟ ಸರ್ವನಾಮಗಳು, ಹನ್ನೆರಡು ಅಪವಾದಗಳು. ಕಂಠಪಾಠಕ್ಕೆ ವಾರವೊಂದು ಸಾಕು. ಯಾರು ಮಾಡಿದರೆಂಬುದನ್ನು ‘ಸೆ’ಯಿಂದಲೂ, ನಿಜಕ್ಕೂ ಮಾಡಿದರೇ ಎಂಬುದನ್ನು ‘ರೀಯ’ದಿಂದಲೂ ಓದಿ ತಿಳಿಯುವ ಎಚ್ಚರ ಬೆಳೆಯಲು ಮಾತ್ರ ಅದಕ್ಕಿಂತ ಹೆಚ್ಚು ಕಾಲ ಬೇಕು.